ಮನುಷ್ಯರ ಹಸಿವು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2020ರಲ್ಲಿ ಲಾಕ್‌ಡೌನ್ ಶುರುವಾದ ಮೇಲೆ ಹಲವು ತಿಂಗಳು ನಾನು ಫೋನಿನಲ್ಲೇ ಆಪ್ತಸಮಾಲೋಚನೆ ಮಾಡಿದೆ. ಕಿವಿಗೆ ಇಯರ್‌ಫೋನ್, ಮುಂದೊಂದು ನೋಟ್‌ಬುಕ್, ಅಷ್ಟೇ. ಮೊದಮೊದಲು ಬರುತ್ತಿದ್ದವೆಲ್ಲ ದಿಗಿಲಿನ ಕರೆಗಳು. ಗಂಟಲು ಕೆರೆಯುತ್ತಿದೆ, ಇದು ಅದೇನಾ? ಚಿಲಕ ಮುಟ್ಟಿಬಿಟ್ಟೆ, ಕೈ ಎಷ್ಟು ಸಲ ತೊಳೆಯಲಿ? ಕೆಲವು ವಾರ ಕಳೆಯುವಷ್ಟರಲ್ಲಿ ಕರೆಗಳ ದನಿಯೇ ಬೇರೆಯಾಯಿತು. ಫೋನ್ ಮಾಡಿದವರು ಏನು ಹೇಳಬೇಕೆಂದು ತೋಚದೆ ಸುಮ್ಮನಿದ್ದುಬಿಡುತ್ತಿದ್ದರು.

ಹಾಗೆ ಸುಮ್ಮನಿದ್ದವರಲ್ಲಿ ಒಬ್ಬರು ನಿವೃತ್ತರು. ಗುರುತು ಸಿಗದ ಹಾಗೆ ವಿವರ ಬದಲಿಸಿಯೇ ಹೇಳುತ್ತಿದ್ದೇನೆ. ಒಬ್ಬರೇ ಇರುತ್ತಿದ್ದರು. ಮಗಳು ದಿನಕ್ಕೆರಡು ಹೊತ್ತು ವಿಡಿಯೊ ಕಾಲ್ ಮಾಡುತ್ತಾಳೆ, ಮಾತ್ರೆಗಳು ಬಾಗಿಲಿಗೇ ಬರುತ್ತವೆ, ಯಾವುದಕ್ಕೂ ಕೊರತೆ ಇಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ನಾನು ಇದ್ದೇನೆ ಅಂತಲೇ ಅನ್ನಿಸುತ್ತಿಲ್ಲ, ಮೇಡಂ" ಅಂದರು.

ನಾನು ನೋಟ್‌ಬುಕ್ಕಿನಲ್ಲಿ 'ಒಂಟಿತನ' ಅಂತ ಬರೆದು ಕೆಳಗೊಂದು ಗೆರೆ ಎಳೆದೆ. ಅದು ನನ್ನ ಆತುರ. ಮಗಳ ಜೊತೆ ಇನ್ನೂ ಹೆಚ್ಚು ಮಾತಾಡಿ ಅಂತ ಸಲಹೆ ಕೊಟ್ಟೆ. ಅವರು ಆಗಲೇ ದಿನಕ್ಕೆರಡು ಸಲ ಮಾತಾಡುತ್ತಿದ್ದರು! ಆ ಸಲಹೆಯಿಂದ ಏನೂ ಆಗಲಿಲ್ಲ. ಏಕೆ ಆಗಲಿಲ್ಲ ಎಂದು ಯೋಚಿಸುತ್ತಾ ಹೋದಾಗ ಹೊಳೆದದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ದಿನಗಳಲ್ಲಿ ನಮ್ಮನ್ನು ಕಾಡಿದ್ದಕ್ಕೆಲ್ಲ ನಾವು ಒಂದೇ ಹೆಸರಿಟ್ಟೆವು. ಅದರೊಳಗೆ ಬೇರೆ ಬೇರೆ ಹಸಿವುಗಳಿದ್ದವು. ಒಂದರ ಊಟದಿಂದ ಇನ್ನೊಂದು ತಣಿಯುತ್ತಿರಲಿಲ್ಲ.

ಹಸಿವು ಅನ್ನುವ ಮಾತನ್ನು ಸುಮ್ಮನೆ ಚೆಂದಕ್ಕೆ ಬಳಸುತ್ತಿಲ್ಲ. ಒಂಟಿತನ ಒಂದು ದೌರ್ಬಲ್ಯವೇನಲ್ಲ, ಹಸಿವು ಬಾಯಾರಿಕೆಗಳ ಹಾಗೆ ದೇಹ ಕೊಡುವ ಸೂಚನೆ ಅಂತ ಶಿಕಾಗೋ ವಿಶ್ವವಿದ್ಯಾಲಯದ ಜಾನ್ ಕಾಸಿಯೊಪೊ ವರ್ಷಗಟ್ಟಲೆ ವಾದಿಸಿದ್ದರು. ಇದನ್ನು ಮಿದುಳಿನಲ್ಲೇ ಹುಡುಕಿ ನೋಡಿದವರು ಲಿವಿಯಾ ಟೊಮೋವಾ, ರೆಬೆಕಾ ಸ್ಯಾಕ್ಸ್ ಮತ್ತು ಸಂಗಡಿಗರು, ಅಮೆರಿಕದ ಎಂಐಟಿಯಲ್ಲಿ. 40 ಜನ ಆರೋಗ್ಯವಂತರನ್ನು ಒಂದು ದಿನ 10 ಗಂಟೆ ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಇಟ್ಟರು. ಕೈಯಲ್ಲಿ ಫೋನ್ ಇಲ್ಲ, ನೋಡಲು ಮನುಷ್ಯರ ಮುಖವಿಲ್ಲ. ಇನ್ನೊಂದು ದಿನ ಅದೇ ಜನರಿಗೆ 10 ಗಂಟೆ ಉಪವಾಸ. ಎರಡೂ ದಿನ ಕೊನೆಯಲ್ಲಿ ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಚಿತ್ರಗಳನ್ನು ತೋರಿಸಿದರು: ಊಟದ ಚಿತ್ರ, ಜನ ಸೇರಿ ನಗುತ್ತಿರುವ ಚಿತ್ರ, ಹೂವಿನ ಚಿತ್ರ.

ಮಿದುಳಿನ ನಡುಭಾಗದಲ್ಲಿ, ಡೋಪಮಿನ್ ಎಂಬ ರಾಸಾಯನಿಕವನ್ನು ಹೊರಬಿಡುವ ಕೋಶಗಳಿರುವ ಒಂದು ಪುಟ್ಟ ಜಾಗವಿದೆ. 'ಬೇಕು' ಅನ್ನುವ ತುಡಿತ ಏಳುವಲ್ಲಿ ಅದರ ಪಾತ್ರ ದೊಡ್ಡದು. ಉಪವಾಸವಿದ್ದ ದಿನ ಊಟದ ಚಿತ್ರ ಕಂಡು ಆ ಜಾಗ ಮಿಡಿಯಿತು. ಒಬ್ಬರೇ ಇದ್ದ ದಿನ ಜನರ ಚಿತ್ರ ಕಂಡು ಮಿಡಿಯಿತು. ಸಾಕಾಗಿದ್ದದ್ದು ಬರೀ 10 ಗಂಟೆ. ಪ್ರಯೋಗ ನಡೆದದ್ದು ಕೊರೊನಾಕ್ಕೆ ಮುಂಚೆ. ಪ್ರಕಟವಾದದ್ದು 2020ರ ನವೆಂಬರಿನಲ್ಲಿ, ಜಗತ್ತೇ ಆ ಕೋಣೆಯಲ್ಲಿ ಕೂತಿದ್ದಾಗ.

ಆ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇದೆ, ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ. ಬಹಳ ದಿನಗಳಿಂದಲೇ ಒಂಟಿತನ ಅನುಭವಿಸುತ್ತಿದ್ದೇವೆ ಎಂದವರಲ್ಲಿ, ಆ 10 ಗಂಟೆ ಕಳೆದ ಮೇಲೆ, ಜನರು ಬೇಕೆನ್ನುವ ತುಡಿತ ಕಡಿಮೆ ಕಂಡಿತು. ಅಂದರೆ ಹಸಿದು ಹಸಿದು ಹಸಿವೇ ಸತ್ತ ಹಾಗೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. ಏಕಾಂತ ಬೇರೆ, ಒಂಟಿತನ ಬೇರೆ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಏಕಾಂತವನ್ನು ನಾವು ಹುಡುಕಿಕೊಂಡು ಹೋಗುತ್ತೇವೆ. ಸಂಶೋಧಕರು ಇವೆರಡರ ಪಕ್ಕದಲ್ಲಿ ಮೂರನೆಯದೊಂದನ್ನು ಇಡುತ್ತಾರೆ, ಪ್ರತ್ಯೇಕತೆ. ದಿನಕ್ಕೆ ಎಷ್ಟು ಜನ ಸಿಕ್ಕರು, ಎಷ್ಟು ಮಾತಾಯಿತು ಅಂತ ಎಣಿಸಬಹುದಾದ ಸ್ಥಿತಿ ಅದು. ಲಾಕ್‌ಡೌನ್ ಎಲ್ಲರಿಗೂ ಕೊಟ್ಟದ್ದು ಪ್ರತ್ಯೇಕತೆಯನ್ನು. ಕೆಲವರು ಅದನ್ನು ಏಕಾಂತ ಮಾಡಿಕೊಂಡರು, ಅದೂ ಸುಳ್ಳಲ್ಲ. ಜನಜಂಗುಳಿಯಲ್ಲಿ ಬೇಯುತ್ತಿದ್ದ ಎಷ್ಟೋ ಮಂದಿ ನನ್ನ ಹತ್ತಿರ ಗುಟ್ಟಾಗಿ, ತಪ್ಪು ಒಪ್ಪಿಕೊಳ್ಳುವವರ ಹಾಗೆ, 'ನನಗೆ ಇದು ಹಿತವಾಗಿದೆ' ಅಂದಿದ್ದಾರೆ.

2020ರ ಮಾರ್ಚ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ 'ಸಾಮಾಜಿಕ ಅಂತರ' ಅನ್ನುವುದನ್ನು ಬಿಟ್ಟು 'ದೈಹಿಕ ಅಂತರ' ಅನ್ನತೊಡಗಿತು. ದೇಹಗಳು ದೂರ ಇರಲಿ, ಮನುಷ್ಯರು ದೂರವಾಗುವುದು ಬೇಡ ಅನ್ನುವ ಆಶಯ. ಆದರೆ ಹಳೆಯ ಪದ ಅಷ್ಟರಲ್ಲಿ ಎಲ್ಲರ ನಾಲಿಗೆಯ ಮೇಲೆ ಕೂತಾಗಿತ್ತು. ನನ್ನನ್ನು ಕೇಳಿದರೆ ಹೊಸ ಪದವೂ ಪೂರ್ತಿ ನಿಜ ಹೇಳಲಿಲ್ಲ. ದೇಹಗಳನ್ನು ದೂರವಿಟ್ಟರೆ ಮನಸ್ಸಿಗೆ ಏನೂ ಆಗುವುದಿಲ್ಲ ಎಂದು ನಂಬಿಸಿಬಿಟ್ಟಿತು.

ಸ್ಪರ್ಶದ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಚರ್ಮದಲ್ಲಿ, ಅದರಲ್ಲೂ ಕೂದಲಿರುವ ಭಾಗಗಳಲ್ಲಿ, ಒಂದು ಬಗೆಯ ನರತಂತುಗಳಿವೆ. ಮುಟ್ಟಿದ ವಸ್ತು ನುಣುಪೋ ಒರಟೋ ಎಂದು ತಿಳಿಸುವುದು ಅವುಗಳ ಕೆಲಸವಲ್ಲ. ಸೆಕೆಂಡಿಗೆ ಸುಮಾರು 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಯಾರಾದರೂ ಮೆಲ್ಲಗೆ ಸವರಿದರೆ ಅವು ಚೆನ್ನಾಗಿ ಸ್ಪಂದಿಸುತ್ತವೆ. ಅಳುವ ಮಗುವಿನ ಬೆನ್ನನ್ನು, ಜ್ವರದಲ್ಲಿ ಮಲಗಿದವರ ತೋಳನ್ನು ನಾವು ಸವರುವ ವೇಗ ಹೆಚ್ಚುಕಡಿಮೆ ಅಷ್ಟೇ. ಯಾರೂ ಅಳೆದು ಸವರುವುದಿಲ್ಲ ನೋಡಿ! ಒಬ್ಬರೇ ವಾಸವಿದ್ದವರಿಗೆ ಈ ಬಾಗಿಲು ಪೂರ್ತಿ ಮುಚ್ಚಿಹೋಯಿತು. ಯಾವ ವಿಡಿಯೊ ಕಾಲೂ ಅದನ್ನು ತೆರೆಯಲಾರದು. ಇದನ್ನು ಗಮನಿಸಿದ ಸರ್ಕಾರಗಳು ಕೆಲವಿದ್ದವು. ನ್ಯೂಜಿಲೆಂಡ್ ಮೊದಲಿಂದಲೇ 'ಗುಳ್ಳೆ' ಅನ್ನುವ ಕಲ್ಪನೆ ತಂದಿತು, ನಿಮ್ಮ ಗುಳ್ಳೆಯೊಳಗಿನವರ ಜೊತೆ ಅಂತರ ಬೇಡ ಅಂತ. ಇಂಗ್ಲೆಂಡ್ 2020ರ ಜೂನ್‌ನಲ್ಲಿ ಒಬ್ಬರೇ ದೊಡ್ಡವರಿರುವ ಮನೆಗಳಿಗೆ ಇನ್ನೊಂದು ಮನೆಯ ಜೊತೆ ಸೇರಿಕೊಳ್ಳಲು ಅನುಮತಿ ಕೊಟ್ಟಿತು. ಲಸಿಕೆ ಬರುವ ಮೊದಲು ಕೈಗೊಂಡ ತೀರ್ಮಾನಗಳಲ್ಲಿ ನನಗೆ ತುಂಬ ಜಾಣತನದ್ದೆನಿಸುವುದು ಇದು.

ಈಗ ನಮ್ಮ ನಿವೃತ್ತರಿಗೆ ಮರಳೋಣ. ಅವರಿಗೆ ಮುಖ್ಯವಾಗಿ ಕಾಡುತ್ತಿದ್ದದ್ದು ಸ್ಪರ್ಶವೂ ಅಲ್ಲ. ಮೂರನೆಯ ಕರೆಯಲ್ಲಿ ನಾನು ಸಲಹೆ ಕೊಡುವುದನ್ನು ನಿಲ್ಲಿಸಿ, ಮುಂಚೆ ನಿಮ್ಮ ದಿನ ಹೇಗಿರುತ್ತಿತ್ತು ಅಂತ ಕೇಳಿದೆ. ಬೆಳಗ್ಗೆ ಎದ್ದು ವಾಕಿಂಗ್. ಎದುರಿಗೆ ಸಿಗುವ ಒಬ್ಬರು 'ಇವತ್ತು ಲೇಟು' ಅನ್ನುತ್ತಿದ್ದರು. ಪಾರ್ಕಿನ ಬೆಂಚಿನಲ್ಲಿ ಇನ್ನೊಬ್ಬರು ಸರಿದು ಜಾಗ ಬಿಡುತ್ತಿದ್ದರು. ಅವರ ಹೆಸರೇನು ಅಂದೆ. "ಗೊತ್ತಿಲ್ಲ ಮೇಡಂ, ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ" ಅಂದರು.

1973ರಲ್ಲಿ ಇಬ್ಬರು ಸಮಾಜಶಾಸ್ತ್ರಜ್ಞರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಈ ಹೆಸರು ಗೊತ್ತಿಲ್ಲದ ಗೆಳೆಯನ ಬಳಿಗೇ ಬಂದರು ಎನ್ನಬಹುದು. ರಾಬರ್ಟ್ ವೈಸ್ ಒಂಟಿತನದಲ್ಲಿ ಎರಡು ಬಗೆ ಎಂದರು: ಹತ್ತಿರದ ಜೀವವೊಂದು ಇಲ್ಲದ ಒಂಟಿತನ, ಸುತ್ತ ಒಂದು ಬಳಗ ಇಲ್ಲದ ಒಂಟಿತನ. ಮೊದಲನೆಯದಕ್ಕೆ ಬಳಗ ಮದ್ದಲ್ಲ, ಎರಡನೆಯದಕ್ಕೆ ಒಬ್ಬ ಆಪ್ತರು ಸಾಲುವುದಿಲ್ಲ. ಮಾರ್ಕ್ ಗ್ರಾನೊವೆಟರ್ 'ದುರ್ಬಲ ಕೊಂಡಿ'ಗಳ ಬಗ್ಗೆ ಬರೆದರು. ಅವರಿಗಿದ್ದ ಆಸಕ್ತಿ ಜನರಿಗೆ ಕೆಲಸದ ಸುದ್ದಿ ಹೇಗೆ ಸಿಗುತ್ತದೆ ಅನ್ನುವುದರಲ್ಲಿ. ಬಂದ ಉತ್ತರ: ಆಪ್ತರಿಗಿಂತ ಹೆಚ್ಚಾಗಿ, ಅಷ್ಟಕ್ಕಷ್ಟೇ ಪರಿಚಯ ಇರುವವರಿಂದ. ಮನಸ್ಸಿನ ವಿಷಯದಲ್ಲೂ ಈ ಅಷ್ಟಕ್ಕಷ್ಟೇ ಪರಿಚಯದವರ ಪಾತ್ರ ದೊಡ್ಡದೆಂದು ಲಾಕ್‌ಡೌನ್ ನನಗೆ ಕಲಿಸಿತು. ಆಪ್ತರ ಜೊತೆಗಿನ ದಾರ ಫೋನಿನಲ್ಲಿ ಹೇಗೋ ಉಳಿಯಿತು. ಒಂದೇ ಏಟಿಗೆ ಕಡಿದುಹೋದದ್ದು ಇವು. ಪಾರ್ಕಿನ ಬೆಂಚಿನವರಿಗೆ ವಿಡಿಯೊ ಕಾಲ್ ಮಾಡುವುದು ಹೇಗೆ? ನಂಬರಿರಲಿ, ಹೆಸರೇ ಗೊತ್ತಿಲ್ಲ. ಮಗಳಿಗೆ ಇವರು ಅಪ್ಪ. ಆದರೆ ಜಗತ್ತಿನಲ್ಲಿ ತಾನೂ ಒಬ್ಬ ಅಂತ ಇವರಿಗೆ ಅನ್ನಿಸುತ್ತಿದ್ದದ್ದು 'ಇವತ್ತು ಲೇಟು' ಅನ್ನುವ ಆ ಎರಡು ಪದದಿಂದ.

ಅವರ ಕಟ್ಟಡದಲ್ಲೇ ಒಬ್ಬ ಹುಡುಗನಿಗೆ ಗಣಿತ ತೊಡಕಾಗಿತ್ತು. ಬಾಲ್ಕನಿಯಿಂದ ಬಾಲ್ಕನಿಗೆ ಕೂಗಿ ಲೆಕ್ಕ ಹೇಳಿಕೊಡಲು ಶುರುಮಾಡಿದರು. ಅಕ್ಕಪಕ್ಕದವರು 'ಏಳಕ್ಕೆ ಎಂಟಲ್ಲ ಸಾರ್, ಒಂಬತ್ತು' ಅಂತ ನಡುವೆ ಬಾಯಿ ಹಾಕುತ್ತಿದ್ದರಂತೆ. ಇದು ನನ್ನ ಸಲಹೆಯಲ್ಲ, ಅವರೇ ಕಂಡುಕೊಂಡದ್ದು.

ಅಂಕಿ ಅಂಶಗಳನ್ನು ಈಗ ನೋಡೋಣ. ಕೊರೊನಾದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಹೆಚ್ಚಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಅದಕ್ಕೂ ಮುಂಚೆ, 2021ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು: 2020ರಲ್ಲಿ ತೀವ್ರ ಖಿನ್ನತೆಯ 5.32 ಕೋಟಿ ಮತ್ತು ಆತಂಕದ ಕಾಯಿಲೆಗಳ 7.62 ಕೋಟಿ ಹೆಚ್ಚುವರಿ ಪ್ರಕರಣಗಳು. ಹೆಚ್ಚು ಪೆಟ್ಟು ಬಿದ್ದದ್ದು ಹೆಂಗಸರಿಗೆ ಮತ್ತು ಎಳೆಯ ವಯಸ್ಸಿನವರಿಗೆ. ಅದೇ ಹೊತ್ತಿಗೆ ನೆರವಿನ ಕೈಯೂ ಕಟ್ಟಿಹೋಗಿತ್ತು. 2020ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 130 ದೇಶಗಳ ಸಮೀಕ್ಷೆ ಪ್ರಕಟಿಸಿದಾಗ, ಅವುಗಳಲ್ಲಿ ಶೇ 93ರಷ್ಟು ದೇಶಗಳಲ್ಲಿ ಮಾನಸಿಕ ಆರೋಗ್ಯದ ಮುಖ್ಯ ಸೇವೆಗಳು ನಿಂತಿದ್ದವು ಅಥವಾ ಅಸ್ತವ್ಯಸ್ತವಾಗಿದ್ದವು.

ಇಷ್ಟು ಕೇಳಿ 'ನೋಡಿ, ಲಾಕ್‌ಡೌನ್ ಏನು ಮಾಡಿತು' ಎಂದುಬಿಡುವುದು ಸುಲಭ. ಸ್ವಲ್ಪ ತಾಳಿ. ಸೋಂಕಿನ ಭಯ, ಸಾವು, ಹೋದ ಕೆಲಸ, ಮುಚ್ಚಿದ ಬಾಗಿಲು, ಎಲ್ಲ ಒಟ್ಟಿಗೇ ಬಂದವು. ಯಾವುದರ ಪಾಲು ಎಷ್ಟು ಅಂತ ಬಿಡಿಸುವುದು ಕಷ್ಟ. ಜೊತೆಗೆ ಎದುರು ದಿಕ್ಕಿನ ಸಾಕ್ಷ್ಯವೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 36,000ಕ್ಕೂ ಹೆಚ್ಚು ಜನರನ್ನು ಸತತ 20 ವಾರ ಹಿಂಬಾಲಿಸಿದರು. ಆತಂಕ, ಖಿನ್ನತೆಗಳ ಲಕ್ಷಣ ಶುರುವಿನಲ್ಲೇ ಅತಿ ಹೆಚ್ಚಿದ್ದು, ಲಾಕ್‌ಡೌನ್ ಇನ್ನೂ ಇರುವಾಗಲೇ ಇಳಿಯುತ್ತಾ ಬಂತು. ಅಮೆರಿಕದಲ್ಲಿ 1,545 ಜನರನ್ನು ಕೇಳಿದ ಇನ್ನೊಂದು ಅಧ್ಯಯನದಲ್ಲಿ ಒಂಟಿತನದ ಸರಾಸರಿ ಹೆಚ್ಚಲೇ ಇಲ್ಲ. 21 ದೇಶಗಳ ಲೆಕ್ಕ ನೋಡಿದವರಿಗೆ ಮೊದಲ ತಿಂಗಳುಗಳಲ್ಲಿ ಆತ್ಮಹತ್ಯೆಗಳು ನಿರೀಕ್ಷೆಗಿಂತ ಹೆಚ್ಚಾದದ್ದು ಕಾಣಲಿಲ್ಲ. ಆದರೆ ಜಪಾನಿನಲ್ಲಿ ಮೊದಲು ಇಳಿದದ್ದು 2020ರ ಮಧ್ಯದಿಂದ ಏರಿತು, ಅದರಲ್ಲೂ ಹೆಂಗಸರಲ್ಲಿ. 2021ರ ಫೆಬ್ರುವರಿಯಲ್ಲಿ ಅಲ್ಲಿನ ಸರ್ಕಾರ ಒಂಟಿತನಕ್ಕೆಂದೇ ಒಬ್ಬ ಸಚಿವರನ್ನು ನೇಮಿಸಿತು. ಬ್ರಿಟನ್ ಅದನ್ನು 2018ರಲ್ಲೇ ಮಾಡಿತ್ತು.

ನನಗಿದರಿಂದ ಕಾಣುವುದು ಇಷ್ಟು. ಹೆಚ್ಚಿನವರು ಹೊಂದಿಕೊಂಡರು, ಕೆಲವರು ಮುಳುಗಿದರು. ಇಬ್ಬರನ್ನೂ ಕೂಡಿಸಿ ಭಾಗಿಸಿದರೆ ಮುಳುಗಿದವರು ಲೆಕ್ಕದಲ್ಲೇ ಮಾಯವಾಗುತ್ತಾರೆ.

ಯಾರು ಮುಳುಗುತ್ತಾರೆ ಅನ್ನುವುದಕ್ಕೆ ಹಳೆಯ ಸುಳಿವುಗಳಿದ್ದವು. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಬಂದಾಗ ಕೆನಡಾದ ಟೊರೊಂಟೊದಲ್ಲಿ ಕ್ವಾರಂಟೈನ್ ಆಗಿದ್ದ 129 ಜನರನ್ನು ವಿಚಾರಿಸಿದ್ದರು. ಸುಮಾರು ಶೇ 29ರಷ್ಟು ಜನರಲ್ಲಿ ಆಘಾತದ ನಂತರದ ಒತ್ತಡದ ಲಕ್ಷಣ, ಶೇ 31ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ. ಹೆಚ್ಚು ದಿನ ಒಳಗಿದ್ದವರಲ್ಲಿ ಹೆಚ್ಚು. 2020ರ ಫೆಬ್ರುವರಿಯಲ್ಲಿ, ಇನ್ನೂ ಬಹುಪಾಲು ಜಗತ್ತು ತೆರೆದಿದ್ದಾಗಲೇ, ಇಂಥ 24 ಅಧ್ಯಯನಗಳನ್ನು ಒಟ್ಟಿಗಿಟ್ಟು ಸಮಂತಾ ಬ್ರೂಕ್ಸ್ ಮತ್ತು ಸಂಗಡಿಗರು ಎಚ್ಚರಿಸಿದ್ದರು. ಅವಧಿ ಉದ್ದವಾದರೆ, ದಿನಸಿ ಔಷಧಿ ಸಿಗದಿದ್ದರೆ, ಮಾಹಿತಿ ಸ್ಪಷ್ಟವಿಲ್ಲದಿದ್ದರೆ, ಸಂಪಾದನೆ ನಿಂತರೆ, ನೆರೆಯವರು ಕಳಂಕ ಹಚ್ಚಿದರೆ ಮನಸ್ಸು ಕುಸಿಯುತ್ತದೆ. ಈ ಪಟ್ಟಿಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಇದರಲ್ಲಿ ಧ್ಯಾನ, ಉಸಿರಾಟ, ಸಕಾರಾತ್ಮಕ ಚಿಂತನೆ ಯಾವುದೂ ಇಲ್ಲ. ನಾವು ಆಪ್ತಸಮಾಲೋಚಕರು ಫೋನಿನಲ್ಲಿ 'ಆಳವಾಗಿ ಉಸಿರೆಳೆದುಕೊಳ್ಳಿ' ಅನ್ನುತ್ತಿದ್ದಾಗ ಆ ಕಡೆಯವರಿಗೆ ಬೇಕಿದ್ದದ್ದು ಮುಂದಿನ ತಿಂಗಳ ಬಾಡಿಗೆ.

ಮನೆಯೇ ಅಪಾಯದ ಜಾಗವಾಗಿದ್ದವರ ಮಾತನ್ನೂ ಹೇಳಬೇಕು. 2020ರ ಏಪ್ರಿಲ್ 5ರಂದು ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಗುಟೆರಸ್ ಮನೆಮನೆಯಲ್ಲೂ ಕದನವಿರಾಮ ಬೇಕೆಂದು ಕರೆಕೊಟ್ಟರು. ಅಂಥ ಮನೆಗಳಿಂದ ನನಗೆ ಫೋನ್ ಕರೆಗಳು ಪಿಸುದನಿಯಲ್ಲಿ ಬರುತ್ತಿದ್ದವು. ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಮಾತಾಡುವವರಿದ್ದರು. ಹೌದು, ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆ ಕೇಳುವುದನ್ನು ನಾವು ಕಲಿತೆವು. ಅವರು ಒಬ್ಬರೇ ಇರಲಿಲ್ಲ. ಆದರೆ ಅವರಷ್ಟು ಒಂಟಿಯಾದವರನ್ನು ನಾನು ಕಂಡಿಲ್ಲ.

ಇನ್ನು ಹೊತ್ತಿನ ಮಾತು. ಮಂಗಳವಾರವೋ ಗುರುವಾರವೋ ಗೊತ್ತಾಗದ ಆ ದಿನಗಳು ನಿಮಗೂ ನೆನಪಿರಬೇಕು. ಹೊರಗಿನ ಬಿಸಿಲು, ಬಸ್ಸಿನ ವೇಳೆ, ಸಹೋದ್ಯೋಗಿಯ ಮುಖ, ಇವೇ ನಮ್ಮೊಳಗಿನ ಗಡಿಯಾರಕ್ಕೆ ಕೀಲಿ ಕೊಡುವುದು. 2010ರಿಂದ 2011ರವರೆಗೆ ಮಾಸ್ಕೋದಲ್ಲಿ ಆರು ಜನರನ್ನು ಮಂಗಳಯಾನದ ತಾಲೀಮಿಗೆಂದು 520 ದಿನ ಮುಚ್ಚಿದ ಕೊಠಡಿಗಳಲ್ಲಿ ಇಟ್ಟಿದ್ದರು. ದಿನ ಕಳೆದಂತೆ ಅವರ ಓಡಾಟ ಕಮ್ಮಿಯಾಗುತ್ತಾ ಹೋಯಿತು, ನಿದ್ದೆಯ ಲಯ ಕೆಲವರಲ್ಲಿ ಕೆಟ್ಟಿತು. ಅಂಟಾರ್ಕ್ಟಿಕಾದ ಜರ್ಮನ್ ನೆಲೆಯೊಂದರಲ್ಲಿ 14 ತಿಂಗಳು ಕಳೆದ ಒಂಬತ್ತು ಜನರಲ್ಲಿ, ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್‌ನ ಒಂದು ಭಾಗ ಸ್ವಲ್ಪ ಕುಗ್ಗಿದ್ದು 2019ರಲ್ಲಿ ವರದಿಯಾಯಿತು. ಇದನ್ನು ಕೇಳಿದ ಕೂಡಲೇ 'ಮನೆಯಲ್ಲಿ ಕೂತರೆ ಮಿದುಳು ಕುಗ್ಗುತ್ತದೆ' ಅಂತ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು. ಒಂಬತ್ತೇ ಜನ, ತಿಂಗಳುಗಟ್ಟಲೆ ಕತ್ತಲು, ಚಳಿ. ನಮ್ಮ ಸ್ಥಿತಿ ಅದಲ್ಲ.

ನನಗೆ ಇಂದಿಗೂ ಕರಗದೆ ಉಳಿದಿರುವುದು ದುಃಖದ ವಿಷಯ. ಒಬ್ಬ ಹೆಣ್ಣುಮಗಳು, ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೋಗಲು ಬಿಡಲಿಲ್ಲ. ಅಂತ್ಯಕ್ರಿಯೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿದಳು. ನಡುನಡುವೆ ಚಿತ್ರ ನಿಂತು ನಿಂತು ಬರುತ್ತಿತ್ತು. ಮುಗಿದ ಕೆಲವೇ ನಿಮಿಷಕ್ಕೆ ಅದೇ ಪರದೆಯ ಮೂಲೆಯಲ್ಲಿ ಆಫೀಸಿನ ಮೀಟಿಂಗ್ ನೆನಪಿಸುವ ಸದ್ದು ಬಂತು. ಅವಳು ಮೀಟಿಂಗ್ ಸೇರಿದಳು. "ನನಗೆ ಅಳು ಬರಲಿಲ್ಲ. ನಾನು ಕಲ್ಲಾ?" ಅಂತ ಕೇಳಿದಳು.

ಪಾಲಿನ್ ಬಾಸ್ ಎಂಬ ಚಿಂತಕಿ 1970ರ ದಶಕದಿಂದ ಒಂದು ಮಾತು ಹೇಳುತ್ತಾ ಬಂದಿದ್ದಾರೆ, 'ಅಸ್ಪಷ್ಟ ನಷ್ಟ' ಅಂತ. ಯುದ್ಧದಲ್ಲಿ ಕಾಣೆಯಾದವರ ಮನೆಯವರ ಜೊತೆ ಕೆಲಸ ಮಾಡಿದವರು ಅವರು. ದೇಹ ಕಾಣದಿದ್ದರೆ, ಮುಖ ನೋಡದಿದ್ದರೆ, ಹೋದದ್ದು ಹೋಯಿತೆಂದು ಮನಸ್ಸು ಒಪ್ಪುವುದಿಲ್ಲ. ಸಾವಿನ ಮನೆಗೆ ಜನ ಬರುವುದು ಸಮಾಧಾನ ಹೇಳಲಿಕ್ಕಷ್ಟೇ ಅಲ್ಲ, ಹೀಗಾಯಿತು ಅನ್ನುವುದಕ್ಕೆ ಸಾಕ್ಷಿಯಾಗಲಿಕ್ಕೆ ಕೂಡ. ಆ ಸಾಕ್ಷಿಗಳೇ ಬಾರದೆ ಹೋದರು. 2022ರಲ್ಲಿ ಜಾರಿಗೆ ಬಂದ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ 'ದೀರ್ಘಕಾಲದ ದುಃಖದ ಕಾಯಿಲೆ' ಸೇರಿದೆ. ಅವಳಿಗೆ ಆ ಹೆಸರು ಅಂಟಿಸಲು ನನಗೆ ಮನಸ್ಸಿರಲಿಲ್ಲ. ಬಹಳ ತಡವಾಗಿ, ಒಂದೂವರೆ ವರ್ಷದ ಮೇಲೆ, ತಾಯಿಯನ್ನು ಬಲ್ಲ ಹತ್ತು ಹನ್ನೆರಡು ಜನರನ್ನು ಒಂದು ಸಂಜೆ ಕರೆದು ಕೂರಿಸಿ ತಾಯಿಯ ಬಗ್ಗೆ ಮಾತಾಡಿಸಿದಳು. ಅವತ್ತು ಅತ್ತಳಂತೆ.

ಮಕ್ಕಳ ವಿಷಯ ನಾನು ಹೆಚ್ಚು ಹೇಳುವುದಿಲ್ಲ, ಅದು ನನ್ನ ಕ್ಷೇತ್ರವಲ್ಲ. 2020ರ ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಶಾಲೆ ಕಾಲೇಜಿನಿಂದ ಹೊರಗಿದ್ದರು ಅನ್ನುವುದನ್ನಷ್ಟೇ ನೆನಪಿಸುತ್ತೇನೆ.

ಪ್ರಶ್ನೋತ್ತರದಲ್ಲಿ ಒಬ್ಬ ತಂದೆ ಎದ್ದು ನಿಂತರು. "ಲಾಕ್‌ಡೌನ್ ಮುಗಿದು ಇಷ್ಟು ವರ್ಷವಾಯಿತು. ಮಗ ಕೋಣೆ ಬಿಟ್ಟು ಬರುವುದಿಲ್ಲ. ಗೆಳೆಯರು ಬೇಡ ಅನ್ನುತ್ತಾನೆ. ಬೇಡ ಅಂದವನನ್ನು ಹೇಗೆ ಕಳಿಸಲಿ?"

ಆಗ ಹೇಳಿದ ಹಸಿವು ಸತ್ತವರ ಸಂಗತಿ ಇಲ್ಲಿಗೇ ಸಂಬಂಧಿಸಿದ್ದು. ಬಹಳ ದಿನ ಒಂಟಿಯಾದವರಿಗೆ ಜನರ ಆಸೆ ಹೆಚ್ಚುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಉಲ್ಟಾ ಆಗುತ್ತದೆ. ಕಾಸಿಯೊಪೊ ತೋರಿಸಿದ್ದೂ ಇದನ್ನೇ, ಒಂಟಿತನ ಬೇರೂರಿದ ಮನಸ್ಸು ಎದುರಿನವರ ಮುಖದಲ್ಲಿ ಮೊದಲು ತಿರಸ್ಕಾರವನ್ನೇ ಹುಡುಕುತ್ತದೆ. ಹಾಗಾಗಿ 'ಬೇಡ' ಅನ್ನುವುದನ್ನು ಸೋಮಾರಿತನ ಎಂದು ಓದಬೇಡಿ. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ಊಟ ಬಡಿಸುವುದಿಲ್ಲ, ಅಲ್ಲವೇ? ಮದುವೆ ಮನೆಗೆ ಎಳೆದುಕೊಂಡು ಹೋಗಬೇಡಿ. ಮಾತೇ ಬೇಕಿಲ್ಲದ ಜಾಗದಿಂದ ಶುರುಮಾಡಿ, ಜೊತೆಯಲ್ಲಿ ಒಂದು ಸುತ್ತು ನಡಿಗೆ, ಗ್ರಂಥಾಲಯದಲ್ಲಿ ಅರ್ಧ ಗಂಟೆ. ಅವನಿಂದ ಆಗಬೇಕಾದ ಒಂದು ಸಣ್ಣ ಕೆಲಸ ನಿಜವಾಗಿ ಇರಲಿ. ನಿದ್ದೆ ಊಟ ಎರಡೂ ಕೆಟ್ಟು ಎರಡು ವಾರ ದಾಟಿದ್ದರೆ, ಬದುಕಿ ಏನು ಅನ್ನುವ ಧಾಟಿಯ ಮಾತು ಬಂದರೆ, ಕಾಯಬೇಡಿ, ಮನೋವೈದ್ಯರ ಹತ್ತಿರ ಹೋಗಿ. ಸಭೆ ಮುಗಿದ ಮೇಲೆ ನಾವಿಬ್ಬರೂ ಮಾತಾಡೋಣ ಅಂದೆ, ಮಾತಾಡಿದೆವು.

ಇನ್ನೊಬ್ಬರು ಕೇಳಿದರು: ಇನ್ನೊಂದು ಸಲ ಹೀಗೆ ಬಾಗಿಲು ಮುಚ್ಚಬೇಕಾಗಿ ಬಂದರೆ, ನಿಮ್ಮ ಕೈಯಲ್ಲಿದ್ದರೆ, ಏನು ಬದಲಿಸುತ್ತೀರಿ?

ಬಾಗಿಲು ಮುಚ್ಚುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಅದು ಸೋಂಕುರೋಗದ ತಜ್ಞರ ಮಾತು. ಒಬ್ಬರೇ ಇರುವ ಪ್ರತಿಯೊಬ್ಬರಿಗೂ ಇನ್ನೊಂದು ಮನೆಯ ಬಾಗಿಲನ್ನು ಮೊದಲ ದಿನವೇ ತೆರೆದಿಡುತ್ತೇನೆ. ಎಷ್ಟು ದಿನ ಅನ್ನುವುದನ್ನು ಇದ್ದ ಹಾಗೆ ಹೇಳಬೇಕು. ಇನ್ನೆರಡು ವಾರ, ಇನ್ನೆರಡು ವಾರ ಅಂತ ಎಳೆಯುವುದಕ್ಕಿಂತ ಮೂರು ತಿಂಗಳು ಎಂದುಬಿಟ್ಟರೆ ಜನ ತಯಾರಾಗುತ್ತಾರೆ. ಸಾಯುತ್ತಿರುವವರ ಪಕ್ಕ ಮನೆಯ ಒಬ್ಬರಿಗೆ, ರಕ್ಷಾಕವಚ ತೊಡಿಸಿಯಾದರೂ, ಹತ್ತು ನಿಮಿಷ ನಿಲ್ಲಲು ಅವಕಾಶ ಇರಬೇಕು. ಇನ್ನು, ಆ ಪಾರ್ಕಿನ ಬೆಂಚುಗಳಿಗೆ ಟೇಪು ಸುತ್ತಿದ್ದರಲ್ಲ, ಎರಡು ತುದಿಗೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು ನಡುವೆ ಮಾತ್ರ ಸುತ್ತಿ ಅನ್ನುತ್ತೇನೆ.